ಎಂಜಿನ್ ಬಿಸಿಯಾದ ಮೇಲೆ ‘ಕೀಂಯ್’ ಸದ್ದು: ಬೆಲ್ಟ್ ಹೊಸದು, ಟೆನ್ಷನರ್ ಹೊಸದು, ಸದ್ದು ಮಾತ್ರ ಹಳೇದೇ

ಎರಡನೇಗೇರ್ · ಶನಿವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಒಂದು ಸದ್ದು ನನ್ನ ಬೆನ್ನು ಹತ್ತಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರ್, ಮ್ಯಾನ್ಯುಯಲ್ ಗೇರ್. ಒಂಬತ್ತು ವರ್ಷ ಆಗಿದೆ, 1,10,000 ಕಿ.ಮೀ. ಓಡಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಏನೂ ಇಲ್ಲ. ಹದಿನೈದು ನಿಮಿಷ ಓಡಿಸಿ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಶುರು. ತೆಳ್ಳಗೆ ‘ಕೀಂಯ್’ ಅಂತ. ಎಣ್ಣೆ ಕಾಣದ ಬಾಗಿಲಿನ ಸದ್ದಿನ ಹಾಗೆ, ಆದರೆ ನಡುವೆ ಕಡಿಯದೆ ಎಳೆಯುತ್ತಲೇ ಇರುತ್ತದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಸಾಕು, ಮಾಯ. ಕಾಲು ತೆಗೆದ ಎರಡು ಸೆಕೆಂಡಿಗೆ ಮತ್ತೆ ಹಾಜರ್. ಕೆಲವು ಸಲ ಕೀ ತಿರುಗಿಸಿ ಆಫ್ ಮಾಡಿದಾಗಲೂ ಒಂದು ಕ್ಷಣ ಎಳೆದು, ಇಳಿದು, ಆಮೇಲೆ ನಿಲ್ಲುತ್ತದೆ.

ಗ್ಯಾರೇಜಿನಲ್ಲಿ ಎಂಜಿನ್ ಬದಿಯ ಪುಲ್ಲಿಗಳನ್ನು ತಿರುಗಿಸುವ ಬೆಲ್ಟ್ ಅಂದರು, ಹೊಸದು ಹಾಕಿಸಿದೆ. ಎರಡು ದಿನಕ್ಕೆ ಸದ್ದು ವಾಪಸ್. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಅಂದರು, ಅದೂ ಹಾಕಿಸಿದೆ. ಸದ್ದು ಇದ್ದಲ್ಲೇ ಇದೆ. ಈಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬದಲಾಯಿಸೋಣ ಅನ್ನುತ್ತಿದ್ದಾರೆ. ಅದಕ್ಕೆ ಮುಂಚೆ ನಿಮ್ಮನ್ನೊಮ್ಮೆ ಕೇಳೋಣ ಅನ್ನಿಸಿತು. ಫೋನಿನಲ್ಲಿ ರೆಕಾರ್ಡ್ ಮಾಡಿದ್ದೇನೆ, ಆದರೆ ಎಲ್ಲಿಂದ ಬರುತ್ತಿದೆ ಅಂತ ಅದರಲ್ಲಿ ಗೊತ್ತಾಗುವುದಿಲ್ಲ.

ಎಣ್ಣೆಕೈ · ಶನಿವಾರ ಬೆಳಿಗ್ಗೆ

ಮೇಡಂ, ಆಲ್ಟರ್ನೇಟರ್ ಮುಟ್ಟಬೇಡಿ. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದ್ದೇನೆ. ಸದ್ದಿನ ಹಿಂದೆ ಒಂದೊಂದೇ ಪಾರ್ಟ್ ಬದಲಾಯಿಸುತ್ತಾ ಹೋದರೆ ಕಾರು ಪೂರ್ತಿ ಹೊಸದಾಗುತ್ತದೆ, ಸದ್ದು ಉಳಿಯುತ್ತದೆ.

ಮೊದಲು ನೀರಿನ ಪರೀಕ್ಷೆ ಮಾಡಿ. ಸದ್ದು ಬರುತ್ತಿರುವಾಗ, ಸಣ್ಣ ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ತುಂಬಿಕೊಂಡು ಬೆಲ್ಟಿನ ಗೀರು ಇರುವ ಬದಿಗೆ ಒಂದೆರಡು ಸಲ ಹೊಡೆಯಿರಿ. ಜಾಸ್ತಿ ಬೇಡ, ಆಲ್ಟರ್ನೇಟರ್ ಮೇಲೆ ಬೀಳಬಾರದು. ಸದ್ದು ತಕ್ಷಣ ಹೋಗಿ ಸ್ವಲ್ಪ ಹೊತ್ತಿಗೆ ವಾಪಸ್ ಬಂದರೆ ಯಾವುದೋ ಪುಲ್ಲಿ ಸಾಲು ತಪ್ಪಿ ಕೂತಿದೆ. ನೀರು ಬಿದ್ದ ಕೂಡಲೇ ಸದ್ದು ಜೋರಾದರೆ ಬೆಲ್ಟ್ ಸಡಿಲ ಇದೆ, ಜಾರುತ್ತಿದೆ. ಎರಡೂ ಆಗದಿದ್ದರೆ ಬೆಲ್ಟಿನ ಮೇಲಿನ ಅನುಮಾನ ಅರ್ಧಕ್ಕಿಂತ ಜಾಸ್ತಿ ಕಳೆದ ಹಾಗೆ.

ಇನ್ನು ಮೂರು ವಿಷಯ ನೋಡಿ ಹೇಳಿ. ಎಸಿ ಹಾಕಿದಾಗ ಏನಾಗುತ್ತದೆ? ನಿಂತಲ್ಲೇ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ? ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿದಾಗ, ಬಿಟ್ಟಾಗ?

ಹೆದ್ದಾರಿಹಕ್ಕಿ · ಶನಿವಾರ ಮಧ್ಯಾಹ್ನ

ಇಷ್ಟೆಲ್ಲ ಯಾಕೆ ಅಕ್ಕಾ? ಬೆಲ್ಟಿಗೆ ಒಣಗಿದ ಸೋಪ್ ಉಜ್ಜಿ ನೋಡಿ. ಅಂಗಡಿಯಲ್ಲಿ ಬೆಲ್ಟ್ ಸ್ಪ್ರೇ ಕೂಡ ಸಿಗುತ್ತದೆ. ನನ್ನ ಕಾರಿನಲ್ಲಿ ಒಂದು ಸಲ ಉಜ್ಜಿದ್ದಕ್ಕೆ ಎರಡು ವಾರ ಸದ್ದೇ ಇರಲಿಲ್ಲ.

ಎಣ್ಣೆಕೈ · ಶನಿವಾರ ಮಧ್ಯಾಹ್ನ

ತಮ್ಮಾ, ಎರಡು ವಾರ ಆದಮೇಲೆ ಬಂತಲ್ಲ? ಅದೇ ವಿಷಯ. ಸೋಪು, ಸ್ಪ್ರೇ ಎರಡೂ ಸದ್ದನ್ನು ಮುಚ್ಚುತ್ತವೆ, ಕಾರಣ ಹಾಗೇ ಇರುತ್ತದೆ. ಅಂಟಿನ ಮೇಲೆ ಧೂಳು ಕೂತು ಗೀರುಗಳೆಲ್ಲ ಕಟ್ಟಿಕೊಳ್ಳುತ್ತವೆ. ಆಮೇಲೆ ನೀರಿನ ಪರೀಕ್ಷೆ ಮಾಡಿದರೂ ಸರಿಯಾದ ಉತ್ತರ ಸಿಗುವುದಿಲ್ಲ. ಹುಡುಕುವ ತನಕ ಬೆಲ್ಟಿಗೆ ಏನನ್ನೂ ಹಚ್ಚಬಾರದು.

ಇನ್ನೊಂದು ಮಾತು. ಹಳೇ ಕಾಲದ ಬೆಲ್ಟುಗಳಲ್ಲಿ ಬಿರುಕು ನೋಡಿ ಆಯಸ್ಸು ಹೇಳುತ್ತಿದ್ದೆವು. ಈಗಿನವು ಇಪಿಡಿಎಂ ಅನ್ನುವ ರಬ್ಬರ್. ಸುಲಭಕ್ಕೆ ಬಿರುಕು ಬಿಡುವುದಿಲ್ಲ, ಟೈರಿನ ಹಾಗೆ ಸವೆಯುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ, ಗೀರು ಆಳವಾಗಿ ಹಿಡಿತ ಹೋಗಿರುತ್ತದೆ.

ರಾತ್ರಿಪಯಣ · ಶನಿವಾರ ರಾತ್ರಿ

ಎಣ್ಣೆಕೈ ಅಣ್ಣ ಹೇಳಿದ್ದು ಸರಿ. ನನ್ನ ಅನುಭವದಿಂದ ಒಂದು ಸೇರಿಸುತ್ತೇನೆ: ಸದ್ದನ್ನು ಎಣಿಸಿ.

ನನ್ನ ಕಾರಿನಲ್ಲಿ ಹೋದ ವರ್ಷ ‘ಕೀಚ್, ಕೀಚ್, ಕೀಚ್’ ಅಂತ ಬರುತ್ತಿತ್ತು. ಬೇರಿಂಗ್ ಹೋಗಿದೆ ಅಂದುಕೊಂಡು ಒಂದು ವಾರ ತಲೆ ಕೆಡಿಸಿಕೊಂಡೆ. ಆಮೇಲೆ ಸುಮ್ನೆ ಕೂತು ಲೆಕ್ಕ ಹಾಕಿದೆ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಿರುವಾಗ, ಎಂಜಿನ್ ನಿಮಿಷಕ್ಕೆ 800 ಸುತ್ತು ಅಂದುಕೊಳ್ಳಿ. ಸೆಕೆಂಡಿಗೆ 13 ಸುತ್ತು. ಅಂದರೆ ಎಂಜಿನ್ ಜೊತೆಗೇ ತಿರುಗುವ ಕ್ರ್ಯಾಂಕ್ ಪುಲ್ಲಿಯಲ್ಲಿ ದೋಷ ಇದ್ದರೆ ಸೆಕೆಂಡಿಗೆ 13 ಸಲ ಸದ್ದು ಬರಬೇಕು. ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್ ಅದರ ಅರ್ಧ ವೇಗದಲ್ಲಿ ತಿರುಗುವುದರಿಂದ ಟ್ಯಾಪೆಟ್ ಕಡೆಯ ಸದ್ದು ಆರೋ ಏಳೋ ಸಲ. ಬೆಲ್ಟಿಗೆ ದಾರಿ ತೋರಿಸುವ ಐಡ್ಲರ್ ಪುಲ್ಲಿ ಚಿಕ್ಕದು, ಕ್ರ್ಯಾಂಕ್ ಪುಲ್ಲಿಯ ಅರ್ಧ ಅಳತೆ ಇದ್ದರೆ ಎರಡರಷ್ಟು ವೇಗ. ಅದು ಎಣಿಸಲು ಆಗುವುದಿಲ್ಲ, ಒಂದೇ ಎಳೆಯ ಹಾಗೆ ಕೇಳುತ್ತದೆ.

ಬೆಲ್ಟ್? ನನ್ನದು ಸುಮಾರು 2 ಮೀಟರ್ ಉದ್ದ. ಕ್ರ್ಯಾಂಕ್ ಪುಲ್ಲಿ 15 ಸೆಂ.ಮೀ. ಅಗಲ, ಒಂದು ಸುತ್ತಿಗೆ 47 ಸೆಂ.ಮೀ. ಬೆಲ್ಟ್ ಎಳೆಯುತ್ತದೆ. ಅಂದರೆ ಬೆಲ್ಟ್ ಪೂರ್ತಿ ಒಂದು ಸುತ್ತು ಬರಲು ಎಂಜಿನ್ ನಾಲ್ಕು ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗಬೇಕು. ಸೆಕೆಂಡಿಗೆ ಮೂರು ಸಲ.

ಫೋನಿನಲ್ಲಿ ರೆಕಾರ್ಡ್ ಮಾಡಿ, ಕಾಲು ವೇಗದಲ್ಲಿ ಹಾಕಿ ಎಣಿಸಿದೆ. ಸೆಕೆಂಡಿಗೆ ಮೂರು! ಎಂಜಿನ್ ಆಫ್ ಮಾಡಿ ಬೆಲ್ಟನ್ನು ಬೆರಳಲ್ಲಿ ತಡವುತ್ತಾ ಇಂಚಿಂಚು ನೋಡಿದೆ. ನಾಲ್ಕನೇ ಗೀರಿನೊಳಗೆ ಸಾಸಿವೆ ಕಾಳಿನಷ್ಟು ಒಂದು ಕಲ್ಲು. ಪಿನ್ನಿನಿಂದ ಎಬ್ಬಿಸಿ ತೆಗೆದೆ. ಅಲ್ಲಿಗೆ ಸದ್ದು ನಿಂತಿತು.

ನಿಮ್ಮದು ಬಿಡಿ ಬಿಡಿ ಕೀಚ್ ಅಲ್ಲ, ಒಂದೇ ಎಳೆ ಅನ್ನುತ್ತಿದ್ದೀರಿ. ಅದಕ್ಕೇ ಐಡ್ಲರ್ ಬೇರಿಂಗ್ ಮೇಲೆ ನನಗೆ ಅನುಮಾನ.

ಎರಡನೇಗೇರ್ · ಭಾನುವಾರ ಮಧ್ಯಾಹ್ನ

ಎಲ್ಲರಿಗೂ ಥ್ಯಾಂಕ್ಸ್. ಬೆಳಿಗ್ಗೆಯಿಂದ ಬಾನೆಟ್ ಎತ್ತಿಕೊಂಡೇ ಇದ್ದೇನೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ನೀರು ಹೊಡೆದರೆ ಏನೂ ಬದಲಾಗಲಿಲ್ಲ. ಜೋರೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಸ್ಟೀರಿಂಗ್ ತಿರುಗಿಸಿದರೂ ಅಷ್ಟೇ. ಕ್ಲಚ್ ಒತ್ತಿದರೂ ಬಿಟ್ಟರೂ ಅದೇ ಸದ್ದು. ಎಸಿ ಹಾಕಿದಾಗ ಮಾತ್ರ ವಿಚಿತ್ರ: ಸದ್ದು ಕಡಿಮೆ ಆಗುತ್ತದೆ. ಎಸಿ ಹಾಕಿದರೆ ಬೆಲ್ಟಿಗೆ ಭಾರ ಜಾಸ್ತಿ ಆಗಬೇಕಲ್ವಾ? ಸದ್ದೂ ಜಾಸ್ತಿ ಆಗಬೇಕಿತ್ತು.

ಎಂಜಿನ್ ಆಫ್ ಮಾಡಿ ಐಡ್ಲರ್ ಕೈಯಲ್ಲಿ ಮುಟ್ಟಿ ನೋಡಿದೆ, ಅಲುಗಾಟ ಇಲ್ಲ. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಆಲ್ಟರ್ನೇಟರ್ ಬೋಲ್ಟಿಗೆ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿ ಕೇಳಿದೆ. ಮೊದಲ ಸಲ ಕೇಳಿದ್ದು, ನಿಜವಾಗಿಯೂ ಬೆರಗಾಯಿತು. ಪ್ರತಿಯೊಂದಕ್ಕೂ ಬೇರೆ ಬೇರೆ ಸ್ವರ. ಆಲ್ಟರ್ನೇಟರ್ ಒಳಗೆ ನುಣ್ಣನೆಯ ಗುಂಯ್ ಅಷ್ಟೇ. ಬೆಲ್ಟಿನ ಬದಿಯಲ್ಲಿ ಎಲ್ಲಿ ಇಟ್ಟರೂ ‘ಕೀಂಯ್’ ಇಲ್ಲ. ಇನ್ನೊಂದು ತುದಿಗೆ, ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗಕ್ಕೆ ಇಟ್ಟರೆ ಕಿವಿಗೆ ಚುಚ್ಚುವ ಹಾಗೆ ಕೇಳಿತು. ಗೇರ್‌ಬಾಕ್ಸ್ ಹೋಯಿತಾ ಅಂತ ಎದೆ ಧಸಕ್ ಅಂದಿದೆ.

ಬಾನೆಟ್‌ಬಳಗ · ಭಾನುವಾರ ಮಧ್ಯಾಹ್ನ

ಗಾಬರಿ ಬೇಡ ಮೇಡಂ. ಕ್ಲಚ್ ರಿಲೀಸ್ ಬೇರಿಂಗ್ ಹೋಗಿದ್ದರೆ ಪೆಡಲ್ ಒತ್ತಿದಾಗ ಸದ್ದು ಬರುತ್ತದೆ. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಆದರೆ ತಿರುವುಮುರುವು: ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಬಂದು, ಒತ್ತಿದಾಗ ನಿಲ್ಲುತ್ತದೆ. ನಿಮ್ಮಲ್ಲಿ ಎರಡೂ ಇಲ್ಲ ಅಂದಮೇಲೆ ಗೇರ್‌ಬಾಕ್ಸ್ ಬಿಚ್ಚುವ ಮಾತು ಯಾರಾದರೂ ಆಡಿದರೆ ಒಪ್ಪಬೇಡಿ.

ಸ್ಕ್ರೂಡ್ರೈವರ್ ಇಡುವಾಗ ಜೋಪಾನ. ಉಂಗುರ, ವಾಚು ತೆಗೆದಿಡಿ, ಕೂದಲು ಕಟ್ಟಿಕೊಳ್ಳಿ. ರೇಡಿಯೇಟರ್ ಫ್ಯಾನ್ ಎಂಜಿನ್ ಆಫ್ ಇದ್ದಾಗಲೂ ಇದ್ದಕ್ಕಿದ್ದಂತೆ ತಿರುಗಬಹುದು.

ಎಣ್ಣೆಕೈ · ಭಾನುವಾರ ಸಂಜೆ

ಬಹಳ ಚೆನ್ನಾಗಿ ನೋಡಿದ್ದೀರಿ ಮೇಡಂ. ಇನ್ನೊಂದೇ ಪರೀಕ್ಷೆ, ಬೆಲ್ಟ್ ವಿಷಯ ಅಲ್ಲಿಗೆ ಮುಗಿಯುತ್ತದೆ. ಬೆಲ್ಟನ್ನೇ ಕಳಚಿ ಎಂಜಿನ್ ಸ್ಟಾರ್ಟ್ ಮಾಡುವುದು.

ಬೆಲ್ಟ್ ಯಾವ ಪುಲ್ಲಿಯ ಮೇಲೆ, ಯಾವುದರ ಕೆಳಗೆ ಹೋಗುತ್ತದೆ ಅಂತ ಮೊದಲು ಫೋಟೊ ತೆಗೆದುಕೊಳ್ಳಿ. ತಿರುಗುವ ದಿಕ್ಕಿಗೆ ಸೀಮೆಸುಣ್ಣದಲ್ಲಿ ಬಾಣ ಹಾಕಿ. ಸದ್ದು ಬರುವ ತನಕ ಎಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಟೆನ್ಷನರ್ ಅನ್ನು ಸ್ಪ್ಯಾನರ್‌ನಿಂದ ಎಳೆದು ಬೆಲ್ಟ್ ತೆಗೆಯಿರಿ. ಕೈಗೆ ದಪ್ಪ ಗ್ಲೌಸ್ ಇರಲಿ, ಸೈಲೆನ್ಸರ್ ಪೈಪಿನ ಹತ್ತಿರ ಸುಡುತ್ತದೆ. ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಕೇಳಿ, ಆಫ್ ಮಾಡಿ. ಅದಕ್ಕಿಂತ ಹೆಚ್ಚು ಬೇಡ. ವಾಟರ್ ಪಂಪ್ ಈ ಬೆಲ್ಟಿನಿಂದಲೇ ಓಡುವ ಕಾರಾದರೆ ನೀರು ಸುತ್ತುವುದಿಲ್ಲ. ಬ್ಯಾಟರಿ ದೀಪ ಹತ್ತುತ್ತದೆ, ಅದು ಸಹಜ.

ಒಬ್ಬರೇ ಮಾಡಬೇಡಿ, ಜೊತೆಗೆ ಯಾರಾದರೂ ಇರಲಿ.

ಎರಡನೇಗೇರ್ · ಸೋಮವಾರ ರಾತ್ರಿ

ನನ್ನ ತಮ್ಮನನ್ನು ಕರೆದುಕೊಂಡು ಮಾಡಿದೆ. ಬೆಲ್ಟ್ ಕೆಳಗೆ ನೆಲದ ಮೇಲೆ ಇದೆ. ಆಲ್ಟರ್ನೇಟರ್, ಎಸಿ, ಐಡ್ಲರ್ ಯಾವುದೂ ತಿರುಗುತ್ತಿಲ್ಲ. ಆದರೂ ‘ಕೀಂಯ್’ ಅಂತ ಸ್ಪಷ್ಟವಾಗಿ ಕೇಳುತ್ತಿದೆ! ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಅಂದರೆ ಬೆಲ್ಟ್, ಟೆನ್ಷನರ್ ಎರಡೂ ಬದಲಾಯಿಸಬೇಕಾಗಿಯೇ ಇರಲಿಲ್ಲ. ಬೇಜಾರಾಯಿತು. ಆದರೆ ಆಲ್ಟರ್ನೇಟರ್ ಉಳಿಯಿತು. ಈಗ ಮುಂದೇನು?

ರಾತ್ರಿಪಯಣ · ಸೋಮವಾರ ರಾತ್ರಿ

ನನ್ನ ಐಡ್ಲರ್ ಅನುಮಾನ ತಪ್ಪು, ಒಪ್ಪಿಕೊಳ್ಳುತ್ತೇನೆ. ಬೆಲ್ಟ್ ಬದಿಯಿಂದ ಪೂರ್ತಿ ಆಚೆ ಬನ್ನಿ.

ಕಾಗದದೋಣಿ · ಮಂಗಳವಾರ ಬೆಳಿಗ್ಗೆ

ಎರಡು ದಿನದಿಂದ ಸುಮ್ನೆ ಓದುತ್ತಿದ್ದೆ. ಇವತ್ತು ಮೊದಲ ಪೋಸ್ಟ್ ಮತ್ತೆ ಓದಿದೆ. ಒಂದು ಸಾಲನ್ನು ನಾವೆಲ್ಲ ದಾಟಿ ಬಂದಿದ್ದೇವೆ. “ಕೀ ತಿರುಗಿಸಿ ಆಫ್ ಮಾಡಿದಾಗಲೂ ಒಂದು ಕ್ಷಣ ಎಳೆದು, ಇಳಿದು, ಆಮೇಲೆ ನಿಲ್ಲುತ್ತದೆ.”

ಎಂಜಿನ್ ನಿಂತ ಮೇಲೆ ತಿರುಗುವುದೆಲ್ಲ ನಿಂತಿರುತ್ತದೆ. ಬೇರಿಂಗ್ ಆಗಿದ್ದರೆ ಸದ್ದು ಅದರ ಜೊತೆಗೇ ನಿಲ್ಲಬೇಕು. ನಿಂತ ಎಂಜಿನ್ನಿನಲ್ಲಿ ಒಂದು ಕ್ಷಣ ಉಳಿಯುವುದು ಏನು? ಗಾಳಿಯ ಎಳೆತ. ವ್ಯಾಕ್ಯೂಮ್.

ಉಳಿದ ಸುಳಿವುಗಳನ್ನು ಇದರ ಪಕ್ಕ ಇಡಿ. ಐಡ್ಲಿಂಗ್‌ನಲ್ಲಿ ಗಾಳಿ ಒಳಗೆ ಬಿಡುವ ಬಾಗಿಲು, ಅಂದರೆ ಥ್ರಾಟಲ್, ಬಹುತೇಕ ಮುಚ್ಚಿರುತ್ತದೆ, ಹಾಗಾಗಿ ಸಿಲಿಂಡರುಗಳಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಎಳೆತ ಜಾಸ್ತಿ. ಹೊರಗಿನ ಗಾಳಿಯ ಒತ್ತಡ 100 ಕಿಲೋಪಾಸ್ಕಲ್ ಇದ್ದರೆ ಒಳಗೆ 30ರಿಂದ 40 ಮಾತ್ರ. ಆಕ್ಸಿಲರೇಟರ್ ಒತ್ತಿದ ಕೂಡಲೇ ಥ್ರಾಟಲ್ ತೆರೆದು ಎಳೆತ ಇಳಿಯುತ್ತದೆ, ಸದ್ದು ಹೋಗುತ್ತದೆ. ಎಸಿ ಹಾಕಿದಾಗ ಎಂಜಿನ್ ನಿಲ್ಲದಿರಲಿ ಅಂತ ಕಂಪ್ಯೂಟರ್ ಸ್ವಲ್ಪ ಗಾಳಿ ಜಾಸ್ತಿ ಬಿಡುತ್ತದೆ. ಅಲ್ಲೂ ಎಳೆತ ಕಡಿಮೆ, ಸದ್ದೂ ಕಡಿಮೆ. ಮೇಡಂಗೆ ವಿಚಿತ್ರ ಅನ್ನಿಸಿದ್ದು ಇದೇ.

ಗೇರ್‌ಬಾಕ್ಸ್ ಕೂಡುವ ಜಾಗದಲ್ಲಿ ಏನಿದೆ? ಕ್ರ್ಯಾಂಕ್ ಶಾಫ್ಟಿನ ಹಿಂದಿನ ಆಯಿಲ್ ಸೀಲ್, ಎಣ್ಣೆ ಆಚೆ ಬರದ ಹಾಗೆ ತಡೆಯುವ ರಬ್ಬರ್ ಉಂಗುರ. ಎಂಜಿನ್ನಿನ ಹೊಟ್ಟೆಯೊಳಗೆ ಎಳೆತ ಮಿತಿ ಮೀರಿದರೆ ಗಾಳಿ ಆ ಸೀಲಿನ ತುಟಿ ದಾಟಿ ಒಳಗೆ ನುಗ್ಗುತ್ತದೆ. ರಬ್ಬರ್ ತುಟಿ ಅದುರಿ ಸಿಳ್ಳೆ ಹಾಕುತ್ತದೆ. ಬಲೂನಿನ ಬಾಯಿ ಎರಡು ಕಡೆ ಹಿಡಿದು ಎಳೆದರೆ ಕೀಂಯ್ ಅನ್ನುತ್ತದಲ್ಲ, ಹಾಗೆ.

ಪರೀಕ್ಷೆಗೆ ಒಂದು ಪೈಸೆಯೂ ಬೇಡ. ಸದ್ದು ಬರುತ್ತಿರುವಾಗ ಆಯಿಲ್ ನೋಡುವ ಡಿಪ್‌ಸ್ಟಿಕ್ ಒಂದಿಷ್ಟು ಮೇಲೆತ್ತಿ. ಆಯಿಲ್ ಕ್ಯಾಪ್ ತೆಗೆಯಬಹುದು, ಆದರೆ ಬಿಸಿ ಎಣ್ಣೆ ಎರಚುತ್ತದೆ. ಡಿಪ್‌ಸ್ಟಿಕ್ಕೇ ವಾಸಿ.

ಎಣ್ಣೆಕೈ · ಮಂಗಳವಾರ ಬೆಳಿಗ್ಗೆ

ಕಾಗದದೋಣಿ ಅವರೇ, ಕೈ ಮುಗಿದೆ. ಆ ಸಾಲನ್ನು ನಾನು ಓದಿಯೂ ಬಿಟ್ಟಿದ್ದೆ. ಮೇಡಂ, ಇದನ್ನು ಇವತ್ತೇ ಮಾಡಿ.

ಎರಡನೇಗೇರ್ · ಮಂಗಳವಾರ ಸಂಜೆ

ಕೈ ಇನ್ನೂ ನಡುಗುತ್ತಿದೆ, ಖುಷಿಗೆ.

ಕೆಲಸದಿಂದ ಬಂದವಳು ಎಂಜಿನ್ ಆಫ್ ಮಾಡದೆ ಬಾನೆಟ್ ಎತ್ತಿದೆ. ‘ಕೀಂಯ್’ ಜೋರಾಗಿಯೇ ಇತ್ತು. ಡಿಪ್‌ಸ್ಟಿಕ್ಕಿನ ಹಳದಿ ಕೊಂಡಿಗೆ ಬಟ್ಟೆ ಸುತ್ತಿ ಎಳೆದೆ. ಸಲೀಸಾಗಿ ಬರಲಿಲ್ಲ, ಒಳಗಿಂದ ಯಾರೋ ಹಿಡಿದುಕೊಂಡ ಹಾಗಿತ್ತು. ಒಂದಂಗುಲ ಮೇಲೆ ಬಂದದ್ದೇ ತಡ, ‘ಸುಸ್’ ಅಂತ ಗಾಳಿ ಒಳಗೆ ಹೋಯಿತು. ಎಂಜಿನ್ ಸ್ವಲ್ಪ ತಡವರಿಸಿತು. ‘ಕೀಂಯ್’ ನಿಂತೇ ಹೋಯಿತು. ವಾಪಸ್ ಒತ್ತಿದೆ, ಮೂರು ಎಣಿಸುವಷ್ಟರಲ್ಲಿ ಬಂತು. ಎತ್ತಿದೆ, ನಿಂತಿತು. ಹತ್ತು ಸಲ ಮಾಡಿದೆನೋ ಏನೋ. ಹತ್ತೂ ಸಲ ಹಾಗೇ ಆಯಿತು.

ಈಗ ಆ ಸೀಲ್ ಬದಲಾಯಿಸಬೇಕಾ? ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು ಅಂತ ಕೇಳಿದ್ದೇನೆ.

ಕಾಗದದೋಣಿ · ಮಂಗಳವಾರ ಸಂಜೆ

ಬೇಡವೇ ಬೇಡ. ಸೀಲ್ ಬರೀ ಕೂಗುತ್ತಿದೆ, ತಪ್ಪು ಅದರದ್ದಲ್ಲ. ತಪ್ಪು ಪಿಸಿವಿ ವಾಲ್ವಿನದ್ದು ಅಂತ ನನ್ನ ಲೆಕ್ಕ.

ಪಿಸ್ಟನ್ ಪಕ್ಕದಿಂದ ಸೋರುವ ಹೊಗೆ ಎಂಜಿನ್ನಿನ ಕೆಳಹೊಟ್ಟೆಯಲ್ಲಿ ಸೇರುತ್ತದೆ. ಮೊದಲೆಲ್ಲ ಅದನ್ನು ಒಂದು ಕೊಳವೆಯಲ್ಲಿ ರಸ್ತೆಗೇ ಬಿಡುತ್ತಿದ್ದರು. 1960ರ ದಶಕದ ಮೊದಲಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಹೊಗೆಮಂಜಿನ ಕಾಟಕ್ಕೆ, ಅದನ್ನು ಮತ್ತೆ ಎಂಜಿನ್ನಿಗೇ ಎಳೆದು ಸುಡಬೇಕು ಅಂತ ನಿಯಮ ಮಾಡಿದರು. ಹಾಗೆ ಎಳೆಯುವ ದಾರಿಯಲ್ಲಿ ಕೂತಿರುವ ಕಾವಲುಗಾರ ಪಿಸಿವಿ ವಾಲ್ವ್. ಮ್ಯಾನಿಫೋಲ್ಡಿನ ಜೋರು ಎಳೆತ ಎಂಜಿನ್ನಿನ ಹೊಟ್ಟೆಗೆ ನೇರ ತಗುಲದ ಹಾಗೆ ತಡೆಯುವುದು ಅದರ ಕೆಲಸ. ಈಗಿನ ಅನೇಕ ಕಾರುಗಳಲ್ಲಿ ಅದರೊಳಗೆ ತೆಳ್ಳನೆಯ ರಬ್ಬರ್ ಡಯಾಫ್ರಾಮ್ ಇರುತ್ತದೆ. ಬಿಸಿಗೆ, ಎಣ್ಣೆಯ ಆವಿಗೆ ಅದು ಒರಟಾಗಿ ಹರಿದುಹೋಗುತ್ತದೆ. ಹರಿದರೆ ತಡೆ ಇಲ್ಲ, ಪೂರ್ತಿ ಎಳೆತ ಒಳಗೆ.

ಡಿಪ್‌ಸ್ಟಿಕ್ ಎಳೆದಾಗ ಎಂಜಿನ್ ಸ್ವಲ್ಪ ತಡವರಿಸುವುದು ಸರಿ ಇರುವ ಕಾರಿನಲ್ಲೂ ಆಗಬಹುದು, ಅದೊಂದನ್ನೇ ನಂಬಬೇಡಿ. ತೆಳ್ಳನೆಯ ರಬ್ಬರ್ ಗ್ಲೌಸ್ ಪರೀಕ್ಷೆ ಮಾಡಿ. ಎಂಜಿನ್ ಆಫ್ ಇದ್ದಾಗ ಆಯಿಲ್ ಕ್ಯಾಪ್ ತೆಗೆದು, ಆ ಬಾಯಿಗೆ ಗ್ಲೌಸ್ ಕಟ್ಟಿ ಸ್ಟಾರ್ಟ್ ಮಾಡಿ. ಮೆಲ್ಲಗೆ ಒಳಗೆ ಬಾಗಿದರೆ ಸರಿ. ಬಿಗಿದು ಸರಕ್ಕನೆ ಒಳಗೆ ಎಳೆದರೆ ವಾಲ್ವ್ ಹೋಗಿದೆ.

ಸ್ಕ್ಯಾನರ್ ಸಿಕ್ಕರೆ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ ನೋಡಿ, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಕೂಡಿಸುತ್ತಿದೆ, ಎಷ್ಟು ಕಳೆಯುತ್ತಿದೆ ಅನ್ನುವ ಲೆಕ್ಕ. ಸೆನ್ಸರ್ ಅಳೆಯದ ಗಾಳಿ ಒಳಗೆ ಬರುತ್ತಿದ್ದರೆ ಕಂಪ್ಯೂಟರ್ ಅದಕ್ಕೆ ತಕ್ಕ ಹಾಗೆ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಕೂಡುವ ಕಡೆಗೆ 10 ಪರ್ಸೆಂಟ್ ದಾಟಿದ್ದರೆ ಗಾಳಿ ಸೋರಿಕೆ ಅಂತ ಅನುಮಾನ ಪಡಬಹುದು. ಇನ್ನೂ ಜಾಸ್ತಿಯಾದರೆ ಚೆಕ್ ಎಂಜಿನ್ ದೀಪ ಹತ್ತಿ, ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿ ಅನ್ನುವ ಪಿ0171 ಕೋಡ್ ಬರುತ್ತದೆ.

ಹೆದ್ದಾರಿಹಕ್ಕಿ · ಮಂಗಳವಾರ ರಾತ್ರಿ

ಸೋಪ್ ಉಜ್ಜಿ ಅಂದವನು ನಾನು. ಇವತ್ತು ತುಂಬ ಕಲಿತೆ. ಅಕ್ಕಾ, ಮುಂದೇನಾಯಿತು ಅಂತ ಬರೆಯಲು ಮರೆಯಬೇಡಿ.

ಎರಡನೇಗೇರ್ · ಶನಿವಾರ ಸಂಜೆ

ಬರೆಯದೆ ಇರುತ್ತೇನಾ! ಒಂದು ವಾರಕ್ಕೆ ಸರಿಯಾಗಿ ಮುಗಿಯಿತು.

ಗ್ಲೌಸಿನ ಐದೂ ಬೆರಳು ಒಂದೇ ಸಲಕ್ಕೆ ಒಳಗೆ ಹೋಗಿ ಮಾಯವಾದವು. ಸ್ಕ್ಯಾನರ್ ಗೆಳತಿಯ ಹತ್ತಿರ ಇತ್ತು, ಟ್ರಿಮ್ 14 ಪರ್ಸೆಂಟ್ ತೋರಿಸಿತು. ನನ್ನ ಕಾರಿನಲ್ಲಿ ಆ ವಾಲ್ವ್ ಎಂಜಿನ್ನಿನ ಮೇಲಿನ ಕವರಿನಲ್ಲೇ ಇದೆ, ದುಂಡನೆಯ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ. ಸಣ್ಣ ಸ್ಕ್ರೂಡ್ರೈವರಿನಿಂದ ಸುತ್ತ ಮೆಲ್ಲಗೆ ಎಬ್ಬಿಸಿದೆ. ಒಳಗೆ ಒಂದು ಸ್ಪ್ರಿಂಗ್, ಅದರ ಕೆಳಗೆ ಬಟ್ಟಲಿನ ಹಾಗೆ ಬಾಗಿದ ಕಪ್ಪು ರಬ್ಬರ್. ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಉಗುರಿನಷ್ಟು, ಬಿದಿಗೆ ಚಂದ್ರನ ಆಕಾರಕ್ಕೆ ಹರಿದಿತ್ತು. ಬೆರಳಲ್ಲಿ ಒತ್ತಿದರೆ ಬಾಯಿ ತೆರೆಯುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಮೂರು ತಿಂಗಳು ನನ್ನ ನಿದ್ದೆ ಕೆಡಿಸಿದ್ದು ಇದು.

ಹೊಸ ಡಯಾಫ್ರಾಮ್ ಹಾಕಲು ಇಪ್ಪತ್ತು ನಿಮಿಷ ಹಿಡಿಯಿತು. ನಾಲ್ಕು ದಿನ ಓಡಿಸಿದ್ದೇನೆ, ಬಿಸಿಲಲ್ಲಿ, ಟ್ರಾಫಿಕ್‌ನಲ್ಲಿ. ಸದ್ದಿಲ್ಲ. ಟ್ರಿಮ್ 3ಕ್ಕೆ ಇಳಿದಿದೆ. ಡಿಪ್‌ಸ್ಟಿಕ್ ಈಗ ಸಲೀಸಾಗಿ ಬರುತ್ತದೆ.

ಎಣ್ಣೆಕೈ · ಶನಿವಾರ ಸಂಜೆ

ತುಂಬ ಸಂತೋಷ ಮೇಡಂ. ಒಂದು ತಿಂಗಳು ಬಿಟ್ಟು ಕೆಳಗಿಂದ ಟಾರ್ಚ್ ಹಾಕಿ ನೋಡಿ, ಎಂಜಿನ್ ಮತ್ತು ಗೇರ್‌ಬಾಕ್ಸ್ ಸಂದಿಯಲ್ಲಿ ಎಣ್ಣೆ ಒದ್ದೆ ಇದೆಯಾ ಅಂತ. ಅಷ್ಟು ದಿನ ಅದುರಿದ ಸೀಲ್ ಅದು. ಸಂದಿ ಒಣಗಿದ್ದರೆ ಚಿಂತೆ ಇಲ್ಲ. ಹಳೇ ಟೆನ್ಷನರ್ ವಾಪಸ್ ತಂದಿದ್ದೀರಾ?

ಎರಡನೇಗೇರ್ · ಶನಿವಾರ ರಾತ್ರಿ

ತಂದಿದ್ದೇನೆ ಅಣ್ಣಾ. ಈಗ ನನ್ನ ಮೇಜಿನ ಮೇಲಿದೆ. ಕಿವಿಯ ಹತ್ತಿರ ಹಿಡಿದು ತಿರುಗಿಸಿ ನೋಡಿದೆ. ಒಂಚೂರೂ ಗೊರಗೊರ ಇಲ್ಲ, ನುಣ್ಣಗೆ ತಿರುಗುತ್ತದೆ. ಒರೆಸಿ, ಕಾಗದ ಸುತ್ತಿ ಡಿಕ್ಕಿಯಲ್ಲಿ ಇಡುತ್ತೇನೆ.

ಹೊಸಸ್ಟೆಪ್ನಿ · ಭಾನುವಾರ ಬೆಳಿಗ್ಗೆ

ಇದೇ ಚರ್ಚೆಯಲ್ಲಿ ಕೇಳಬಹುದಾ? ನನ್ನ ಕಾರಿನಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಕೀಚ್ ಕೀಚ್ ಅನ್ನುತ್ತದೆ, ಐದು ನಿಮಿಷಕ್ಕೆ ನಿಲ್ಲುತ್ತದೆ. ನನ್ನದೂ ಪಿಸಿವಿ ಇರಬಹುದಾ?

ಎರಡನೇಗೇರ್ · ಭಾನುವಾರ ಬೆಳಿಗ್ಗೆ

ಇದ್ದಕ್ಕಿದ್ದಂತೆ ಏನನ್ನೂ ಬದಲಾಯಿಸಬೇಡಿ. ನಿಮ್ಮದು ಬಿಡಿ ಬಿಡಿ ಸದ್ದು, ಅದೂ ತಣ್ಣಗಿರುವಾಗ. ನನ್ನದಕ್ಕೆ ಪೂರ್ತಿ ಉಲ್ಟಾ. ನಾಳೆ ಬೆಳಿಗ್ಗೆ ಫೋನಿನಲ್ಲಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ನಿಧಾನಕ್ಕೆ ಹಾಕಿ ಎಣಿಸಿ. ಸೆಕೆಂಡಿಗೆ ಎಷ್ಟು ಸಲ ಅಂತ ಹೇಳಿ. ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ ಪಕ್ಕದಲ್ಲಿ ಇಟ್ಟುಕೊಳ್ಳಿ. ಆಮೇಲೆ ಇಲ್ಲೇ ಬರೆಯಿರಿ, ನಾನೂ ನೋಡುತ್ತಿರುತ್ತೇನೆ.